ಮಳೆಯ ಲೆಕ್ಕದ ಆ್ಯಪ್ ಮತ್ತು ಎರವಲು ಕೋಡ್‌ನ ಪಟ್ಟಿ

ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ಹೂಮಳೆಯನ್ನು (ಕಾಫಿ ಗಿಡ ಹೂಬಿಡಲು ಬೇಕಾದ ಮಳೆ) ಇಂದಿಗೂ ಇಂಚು, ಸೆಂಟ್‌ಗಳಲ್ಲಿ (ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ) ಬರೆದಿಡುತ್ತಾರೆ. ಮಳೆಮಾಪಕ ಕೊಡುವ ಮಿಲಿಮೀಟರ್ ಅಂಕಿಯನ್ನು 25.4ರಿಂದ ಭಾಗಿಸಿ ಅವರ ಲೆಕ್ಕಕ್ಕೆ ತರುವ ಆಂಡ್ರಾಯ್ಡ್ ಆ್ಯಪ್ ಒಂದನ್ನು ನಾನು ಸಿದ್ಧಪಡಿಸಿದಾಗ, ಅದರ ಅರ್ಧದಷ್ಟು ಕೋಡ್ ನನ್ನದಾಗಿರಲಿಲ್ಲ. ಮಾದರಿ ಕೋಡ್ ಇರುವುದೇ ನಕಲು ಮಾಡಿಕೊಳ್ಳಲು ಎಂದು ಆಗ ನಂಬಿದ್ದೆ. ಆ್ಯಪ್ ಕೊಳ್ಳಲು ಬಂದ ಬೆಳೆಗಾರರೊಬ್ಬರು, “ಇದರಲ್ಲಿ ಬೇರೆಯವರದ್ದು ಏನೇನಿದೆ, ಪಟ್ಟಿ ಕೊಡಿ” ಎಂದಾಗ ನನ್ನ ಬಳಿ ಉತ್ತರವಿರಲಿಲ್ಲ.

ವಿಚಿತ್ರ ಹೆಸರಿನ ವೇರಿಯಬಲ್‌ಗಳನ್ನೂ ಅಳಿಸಲು ಮರೆತಿದ್ದ ಟಿಪ್ಪಣಿಗಳನ್ನೂ ಹಿಡಿದು ಮೂಲಗಳನ್ನು ಹುಡುಕಿದೆ. ಗ್ರಾಫ್ ಬಿಡಿಸುವ ಭಾಗ ಅಪಾಚೆ 2.0 ಲೈಸೆನ್ಸ್‌ನದು (ಲೈಸೆನ್ಸ್ ಎಂದರೆ ಕೋಡ್ ಬರೆದವರು ಷರತ್ತುಗಳೊಂದಿಗೆ ಕೊಡುವ ಬಳಕೆಯ ಅನುಮತಿ), ಆ ಲೈಸೆನ್ಸ್‌ನ ಪ್ರತಿಯನ್ನು ಜೊತೆಗಿಟ್ಟು, ಮೂಲ ಸೂಚನೆಗಳನ್ನು ಉಳಿಸಿ, ತಿದ್ದಿದ ಪ್ರತಿ ಕಡತದಲ್ಲೂ ತಿದ್ದಿದ್ದೇನೆಂದು ಎದ್ದು ಕಾಣುವಂತೆ ಬರೆದೆ. ಕಡತ ಓದುವ ಭಾಗ ಎಂಐಟಿ ಲೈಸೆನ್ಸ್‌ನದು. ಅದು ಕೇಳುವುದು ಕೃತಿಸ್ವಾಮ್ಯದ ಸಾಲನ್ನೂ ಅನುಮತಿಯ ಪಠ್ಯವನ್ನೂ ಪ್ರತಿಗಳಲ್ಲಿ ಉಳಿಸಿಕೊಳ್ಳಿ ಎಂದಷ್ಟೇ. ಕಡತ ಅಚ್ಚುಕಟ್ಟಾಗಿ ಕಾಣಲೆಂದು ನಾನು ಅಳಿಸಿಹಾಕಿದ್ದುದು ಸರಿಯಾಗಿ ಅದನ್ನೇ! ಮೂಲ ಕೋಡ್‌ಗೆ ಆ ಸಾಲುಗಳನ್ನು ಮರಳಿ ಸೇರಿಸಿದರೂ ಕೆಲಸ ಮುಗಿಯಲಿಲ್ಲ, ಏಕೆಂದರೆ ಕಂಪೈಲ್ ಆಗುವಾಗ, ಅಂದರೆ ಕೋಡ್ ಯಂತ್ರ ಓಡಿಸಬಲ್ಲ ರೂಪಕ್ಕೆ ಬದಲಾಗುವಾಗ, ಟಿಪ್ಪಣಿಗಳು ಬಿದ್ದುಹೋಗುತ್ತವೆ ಮತ್ತು ಗ್ರಾಹಕರ ಮೊಬೈಲ್‌ಗೆ ತಲುಪುವ ಪ್ರತಿಯಲ್ಲಿ ಅವು ಇರುವುದೇ ಇಲ್ಲ. ಆದ್ದರಿಂದ ಆ್ಯಪ್‌ನೊಳಗೇ ‘ಲೈಸೆನ್ಸ್‌ಗಳು’ ಎಂಬ ಪುಟವೊಂದನ್ನು ಸೇರಿಸಿ, ಎರಡೂ ಪಠ್ಯಗಳನ್ನು ಪೂರ್ತಿಯಾಗಿ ಹಾಕಿದೆ.

ತೊಡಕಾದದ್ದು ಉಳಿದೆರಡು ತುಣುಕುಗಳು. ಒಂದು, ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣವಾದ ಸ್ಟ್ಯಾಕ್ ಓವರ್‌ಫ್ಲೋದ ಉತ್ತರ. ಅಲ್ಲಿನ ಬರಹ ಕ್ರಿಯೇಟಿವ್ ಕಾಮನ್ಸ್‌ನ ಬಿವೈ-ಎಸ್ಎ ಲೈಸೆನ್ಸ್‌ಗೆ ಒಳಪಟ್ಟಿದ್ದು, ಹೆಸರು ಹೇಳುವುದರ ಜೊತೆಗೆ ಮಾರ್ಪಾಡನ್ನೂ ಅದೇ ಷರತ್ತಿನಲ್ಲಿ ಹಂಚಬೇಕಾಗುತ್ತದೆ. ನನ್ನ ಕೋಡನ್ನು ಹಾಗೆ ಹಂಚುವ ಉದ್ದೇಶವಿಲ್ಲದ್ದರಿಂದ ಅದನ್ನು ತೆಗೆದುಹಾಕಿದೆ. ಇನ್ನೊಂದು, ಮಾಪಕದ ಸ್ವಿಚ್ ಒಂದೇ ಸಲಕ್ಕೆ ಎರಡೆರಡು ಬಾರಿ ಎಣಿಸದಂತೆ ತಡೆಯುವ ಕೋಡ್. ಅದಕ್ಕೆ ಲೈಸೆನ್ಸೇ ಇರಲಿಲ್ಲ. ಲೈಸೆನ್ಸ್ ಇಲ್ಲವೆಂದರೆ ಯಾರು ಬೇಕಾದರೂ ಬಳಸಬಹುದೆಂದಲ್ಲ, ಅನುಮತಿಯೇ ಸಿಕ್ಕಿಲ್ಲವೆಂದು ಅರ್ಥ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯೂ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಹಿತ್ಯ ಕೃತಿಯೆಂದೇ ಪರಿಗಣಿಸುತ್ತದೆ. ಬರೆದವರನ್ನು ಅನುಮತಿ ಕೇಳಿದೆ, ಉತ್ತರ ಬರಲಿಲ್ಲ. ಹಳೆಯ ಕಡತವನ್ನು ಅಳಿಸಿ, ಮಾಪಕವನ್ನೇ ಮೇಜಿನ ಮೇಲಿಟ್ಟುಕೊಂಡು, ಲೋಟದಿಂದ ನೀರು ಹನಿಸುತ್ತಾ ಆ ಭಾಗವನ್ನು ಹೊಸದಾಗಿ ಬರೆದೆ. ಎರಡು ದಿನ ಹಿಡಿಯಿತು. ನಿಜ ಹೇಳಬೇಕೆಂದರೆ ಮೊದಲಿನದಕ್ಕಿಂತ ಅದೇ ಚೆನ್ನಾಗಿ ಎಣಿಸುತ್ತಿದೆ.

ಈಗ ಹೊರಗಿನ ಕೋಡ್ ಅಂಟಿಸುವಾಗಲೇ ಅದರ ಮೂಲ, ತೆಗೆದುಕೊಂಡ ದಿನಾಂಕ ಮತ್ತು ಲೈಸೆನ್ಸನ್ನು ಕಮಿಟ್ ಸಂದೇಶದಲ್ಲಿ (ಕೋಡ್‌ನ ಪ್ರತಿ ಬದಲಾವಣೆಯನ್ನು ಉಳಿಸುವಾಗ ಬರೆಯುವ ಟಿಪ್ಪಣಿ) ದಾಖಲಿಸುತ್ತೇನೆ. ಬೆಳೆಗಾರರಿಗೆ ಕೊನೆಗೆ ಕೊಟ್ಟ ಪಟ್ಟಿಯಲ್ಲಿ ಎರಡೇ ಹೆಸರುಗಳಿದ್ದವು.