ಒಂದನೇ ಕ್ಲಾಸು: ಶಾಲೆಯ ಪಾಲೆಷ್ಟು, ಮನೆಯ ಪಾಲೆಷ್ಟು?

ಬೆಳಗಾವಿಯಲ್ಲಿ ಮಳೆ ಮತ್ತು ಶಾಲೆ ಜೊತೆಜೊತೆಗೇ ಶುರುವಾಗುತ್ತವೆ. ರೇನ್‌ಕೋಟ್ ತರಬೇಕು, ಬೂಟು ತರಬೇಕು, ಪುಸ್ತಕಕ್ಕೆ ಕವರ್ ಹಾಕಬೇಕು. ಈ ಗಡಿಬಿಡಿಯಲ್ಲಿ ಒಂದು ಪ್ರಶ್ನೆ ಮೂಲೆಗೆ ಸೇರಿಬಿಡುತ್ತದೆ. ಒಂದನೇ ಕ್ಲಾಸಿನ ಮಗುವಿಗೆ ಯಾವುದನ್ನು ಶಾಲೆ ಕಲಿಸಬೇಕು, ಯಾವುದನ್ನು ನಾವು ಕಲಿಸಬೇಕು? ನಮ್ಮಂಥ ಕ್ರೈಸ್ತ ಮನೆಗಳಲ್ಲಿ ಇನ್ನೂ ಒಂದು ಮಾತು ಸೇರುತ್ತದೆ. ಸತ್ಯವೇದ (ಬೈಬಲ್), ಪ್ರಾರ್ಥನೆ, ಹಾಡು ಯಾರ ಪಾಲಿಗೆ?

ನನ್ನ ಮಗಳು ಒಂದನೇ ಕ್ಲಾಸಿಗೆ ಸೇರಿದಾಗ ಮೊದಲ ತಿಂಗಳು ನಾನು ಇದನ್ನು ಯೋಚಿಸಲೇ ಇಲ್ಲ. ಶಾಲೆಯಲ್ಲಿ ಬರೆದು ಬಂದದ್ದನ್ನೇ ಸಂಜೆ ಮತ್ತೆ ಬರೆಸುತ್ತಿದ್ದೆ. ಒಂದು ಸಂಜೆ ಅವಳು ನೋಟ್‌ಬುಕ್ ಮೇಲೆ ತಲೆಯಿಟ್ಟು ಮಲಗಿಬಿಟ್ಟಳು. ಕೈಯಲ್ಲಿ ಪೆನ್ಸಿಲ್ ಹಾಗೇ ಇತ್ತು. ಸಾಲಿನ ಕೊನೆಯ ಅಕ್ಷರ ಜಾರಿ ಪುಟದ ಅಂಚಿನವರೆಗೆ ಒಂದು ಗೆರೆಯಾಗಿತ್ತು. ಆ ಪುಟ ಈಗಲೂ ನನ್ನ ಹತ್ತಿರ ಇದೆ. ಮನೆಯನ್ನು ಎರಡನೇ ಶಾಲೆ ಮಾಡಬಾರದು ಅಂತ ನನಗೆ ಅವತ್ತು ಗೊತ್ತಾಯಿತು. ಮನೆಗೆ ಅದರದೇ ಪಾಲು ಇರಬೇಕು. ಚಿಕ್ಕದಾದರೂ ಸರಿ, ದಿನವೂ ತಪ್ಪದೆ ನಡೆಯಬೇಕು.

ಅಮೆರಿಕದ ಕೆಲವು ಕ್ರೈಸ್ತ ಶಾಲೆಗಳಲ್ಲಿ ಈ ಹಂಚಿಕೆಯೇ ಪದ್ಧತಿ. ಟೆಕ್ಸಾಸ್‌ನ ಆರ್ಲಿಂಗ್ಟನ್‌ನಲ್ಲಿ 1993ರಲ್ಲಿ ಇಂಥ ಶಾಲೆ ಶುರುವಾಯಿತು. ಚಿಕ್ಕ ಮಕ್ಕಳು ವಾರದಲ್ಲಿ ಎರಡು ಮೂರು ದಿನ ಕ್ಲಾಸಿಗೆ ಹೋಗುತ್ತಾರೆ. ಉಳಿದ ದಿನ ಟೀಚರ್ ಬರೆದುಕೊಟ್ಟ ಪಾಠವನ್ನು ಅಪ್ಪ ಅಮ್ಮ ಮನೆಯಲ್ಲಿ ಮಾಡಿಸುತ್ತಾರೆ. ಅದನ್ನು ಇದ್ದ ಹಾಗೇ ಇಲ್ಲಿಗೆ ತರಲು ಆಗುವುದಿಲ್ಲ. ನಮ್ಮ ಶಾಲೆಗಳಲ್ಲಿ ದಿನವೂ ಹಾಜರಿ ಬೇಕು. ನಾಲ್ಕು ಮನೆಯವರು ಸೇರಿ ಸಭೆಯ (ಚರ್ಚಿನ) ಹಾಲ್‌ನಲ್ಲಿ ನಾವೇ ಒಂದು ಶಾಲೆ ತೆಗೆಯೋಣ ಅಂದರೆ, 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಮಾನ್ಯತೆ ಇಲ್ಲದೆ ಶಾಲೆ ನಡೆಸುವಂತಿಲ್ಲ, ದಂಡ ಬೀಳುತ್ತದೆ. ಆದರೆ ಆ ಪದ್ಧತಿಯ ತಿರುಳು ಇರುವುದು ಟೀಚರ್ ಮತ್ತು ಮನೆಯವರು ಒಂದೇ ಯೋಜನೆ ಇಟ್ಟುಕೊಂಡು ನಡೆಯುವುದರಲ್ಲಿ. ಅದಕ್ಕೆ ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ.

ಏಪ್ರಿಲ್: ಒಂದು ಹಾಳೆ, ಎರಡು ಕಾಲಂ

ಮೊದಲು ವಯಸ್ಸು ನೋಡಿ. ರಾಜ್ಯದ ನಿಯಮದಂತೆ ಒಂದನೇ ಕ್ಲಾಸಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು. 2025-26ರಲ್ಲಿ ಯುಕೆಜಿ ಮುಗಿಸಿದ ಮಕ್ಕಳಿಗೆ 5 ವರ್ಷ 5 ತಿಂಗಳಿಗೆ ಸಡಿಲಿಕೆ ಕೊಟ್ಟಿದ್ದರು. ನಿಮ್ಮ ವರ್ಷಕ್ಕೆ ಏನಿದೆ ಅಂತ ಶಾಲೆಯಲ್ಲೇ ಕೇಳಿಕೊಳ್ಳಿ. ಒಂದು ವರ್ಷ ಕಾಯಬೇಕಾಗಿ ಬಂದರೂ ಬೇಸರ ಬೇಡ. ಆರು ತುಂಬಿದ ಮಗು ಪೆನ್ಸಿಲ್ ಹಿಡಿಯುವ ರೀತಿಯೇ ಬೇರೆ.

ಆಮೇಲೆ ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಎಡಕ್ಕೆ ಶಾಲೆ, ಬಲಕ್ಕೆ ಮನೆ. ನಮ್ಮದು ಇಂಗ್ಲಿಷ್ ಮೀಡಿಯಂ. ಹಾಗಾಗಿ ಎಡಗಡೆ ಇಂಗ್ಲಿಷ್, ಬರವಣಿಗೆ, ಲೆಕ್ಕದ ಪುಸ್ತಕ, ಪರಿಸರ ಪಾಠ ಬರೆದೆವು. ಬಲಗಡೆ ಕನ್ನಡ ಓದು, ಬಾಯಿಲೆಕ್ಕ, ಸತ್ಯವೇದ, ಪ್ರಾರ್ಥನೆ, ತನ್ನ ಡಬ್ಬಿ ತಾನೇ ತೊಳೆಯುವುದು. ಕನ್ನಡ ಮೀಡಿಯಂ ಮಗುವಾದರೆ ಕನ್ನಡ ಬರವಣಿಗೆ ಎಡಕ್ಕೆ ಹೋಗುತ್ತದೆ. ಓದು ಮಾತ್ರ ಎರಡೂ ಕಡೆ ಇರಲಿ.

ಸತ್ಯವೇದವನ್ನು ಎಲ್ಲಿ ಬರೆಯಬೇಕು ಅನ್ನುವುದು ಶಾಲೆಯ ಮೇಲೆ ನಿಂತಿದೆ. ಸಂವಿಧಾನದ 28ನೇ ವಿಧಿಯ ಪ್ರಕಾರ ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮದ ಪಾಠ ಇರುವುದಿಲ್ಲ. ಹಾಗಾಗಿ ಸರ್ಕಾರಿ ಶಾಲೆಯ ಮಗುವಿಗೆ ಅದು ಪೂರ್ತಿ ಮನೆ ಮತ್ತು ಸಭೆಯ ಪಾಲು. ನಮ್ಮೂರಲ್ಲಿ ಮಿಷನ್ ಶಾಲೆಗಳು ಹಳೆಯವು. ಕ್ಯಾಂಪಿನ ಸೇಂಟ್ ಪಾಲ್ಸ್ 1856ರದ್ದು. ಲಂಡನ್ ಮಿಷನ್‌ನವರು ಬೆಳಗಾವಿಗೆ ಬಂದದ್ದು 1820ರಲ್ಲಿ. ಅದಕ್ಕೇ ಬಹಳ ಮನೆಗಳಲ್ಲಿ ಒಂದು ನಂಬಿಕೆ ಇದೆ: ಕ್ರಿಶ್ಚಿಯನ್ ಶಾಲೆಗೆ ಹಾಕಿದ್ದೇವೆ, ದೇವರ ವಿಷಯ ಅವರೇ ಕಲಿಸುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಅಂಥ ಶಾಲೆಯಲ್ಲೂ ಎಲ್ಲ ಧರ್ಮದ ಮಕ್ಕಳು ಇರುತ್ತಾರೆ. ಬೆಳಗಿನ ಪ್ರಾರ್ಥನೆ, ವಾರಕ್ಕೊಂದು ನೀತಿ ಪಾಠ ಇರಬಹುದು. ಆದರೆ ಊಟಕ್ಕೆ ಮುಂಚೆ ಕಣ್ಣು ಮುಚ್ಚುವುದನ್ನು, ತಪ್ಪಾದಾಗ ಕ್ಷಮೆ ಕೇಳುವುದನ್ನು ಮಗು ಕಲಿಯುವುದು ಅಡುಗೆಮನೆಯಲ್ಲೇ. ಸತ್ಯವೇದದ ಧರ್ಮೋಪದೇಶಕಾಂಡದ ಆರನೇ ಅಧ್ಯಾಯ ಹೇಳುವುದೂ ಅದನ್ನೇ ಅಲ್ವಾ? ಮನೆಯಲ್ಲಿ ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳೊಡನೆ ಈ ಮಾತಾಡಿ ಅಂತ.

ಬಲಗಡೆಯ ಕಾಲಂನಲ್ಲಿ ಯಾರ ಹೆಸರು ಅಂತಲೂ ಬರೆಯಿರಿ. ನಮ್ಮವರದು ಉದ್ಯಮಬಾಗದಲ್ಲಿ ಶಿಫ್ಟ್ ಕೆಲಸ. ಅವರಿಗೆ ಬೆಳಗಿನ ಪ್ರಾರ್ಥನೆ ಮತ್ತು ಶನಿವಾರದ ಲೆಕ್ಕ. ಕಥೆ ಅತ್ತೆಯದು. ಓದು ನನ್ನದು. ಎಲ್ಲವೂ ಅಮ್ಮನ ಹೆಸರಲ್ಲೇ ಇದ್ದರೆ ಆಗಸ್ಟ್ ಹೊತ್ತಿಗೆ ಅಮ್ಮನಿಗೆ ಸಾಕಾಗಿರುತ್ತದೆ.

ದಿನಕ್ಕೆ ಮುಕ್ಕಾಲು ಗಂಟೆ, ಅಷ್ಟೇ

ಒಂದು ಮತ್ತು ಎರಡನೇ ಕ್ಲಾಸಿಗೆ ಹೋಂವರ್ಕ್ ಕೊಡಬಾರದು ಅಂತ ರಾಜ್ಯದ ಆದೇಶವೇ ಇದೆ. ಬ್ಯಾಗಿನ ತೂಕ ಒಂದೂವರೆಯಿಂದ ಎರಡು ಕಿಲೋ ದಾಟಬಾರದು ಅಂತಲೂ 2019ರಿಂದ ಇದೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿ. ಜಾಸ್ತಿ ಇದ್ದರೆ ಟೀಚರ್ ಹತ್ತಿರ ನಿಧಾನವಾಗಿ ಮಾತಾಡಿ.

ನಮ್ಮ ಮನೆಯಲ್ಲಿ ನಿಂತ ವೇಳಾಪಟ್ಟಿ ಇದು. ಬೆಳಿಗ್ಗೆ ಹೊರಡುವ ಮುಂಚೆ ಹತ್ತು ನಿಮಿಷ ಪ್ರಾರ್ಥನೆ, ಸತ್ಯವೇದದ ಒಂದು ವಾಕ್ಯ. ಸಂಜೆ ಬಂದ ಮೇಲೆ ತಿಂಡಿ, ಆಟ. ಆರೂವರೆಗೆ ಇಪ್ಪತ್ತು ನಿಮಿಷ ಓದು. ಊಟವಾದ ಮೇಲೆ ಹದಿನೈದು ನಿಮಿಷ ಕಥೆ. ಇಪ್ಪತ್ತು ನಿಮಿಷ ಮುಗಿಯಿತು ಅಂದರೆ ಪುಸ್ತಕ ಮುಚ್ಚಿಬಿಡಿ. ಮಗು ಇನ್ನೂ ಬೇಕು ಅಂದರೂ ಮುಚ್ಚಿ. ನಾಳೆಗೆ ಆಸೆ ಉಳಿದಿರಲಿ.

ಓದು: ಐದು ಅಕ್ಷರದಿಂದ ಶುರು

ಮನೆಯ ಪಾಲಿನಲ್ಲಿ ದೊಡ್ಡದು ಇದೇ. ನಾವೆಲ್ಲ ಅ ಆ ಇ ಈ ಅಂತ ಶುರು ಮಾಡಿದವರು. ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ ಬೇರೆ ದಾರಿ ಹಿಡಿಯುತ್ತದೆ. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಹುಟ್ಟಿದ ಆ ಪದ್ಧತಿಯಲ್ಲಿ ಮೊದಲ ಅಕ್ಷರಗಳು ರ, ಗ, ಸ, ದ, ಅ. ಯಾಕೆ ಅಂದರೆ ಈ ಐದು ಬಂದರೆ ಸಾಕು, ಮಗು ಕಾಗುಣಿತ ಇಲ್ಲದೆ ಪದವನ್ನೇ ಓದುತ್ತದೆ. ಸರ. ಅರಸ. ಅಗಸ. ಗರಗಸ. ಮಗಳು 'ಅರಸ' ಅಂತ ಓದಿದ ರಾತ್ರಿ ಅವಳ ಅಜ್ಜಿ ದಾವೀದ ಅರಸನ ಕಥೆ ಹೇಳಿದರು. ಕಥೆಯಲ್ಲಿ 'ಅರಸ' ಬಂದಾಗಲೆಲ್ಲ ಅವಳು ಗೋಡೆಯ ಮೇಲಿನ ಚೀಟಿಗೆ ಬೆರಳು ತೋರಿಸುತ್ತಿದ್ದಳು. ಮುಂದಿನ ಐದು ಜ, ವ, ಮ, ಬ, ನ. ಆಗ ಮರ, ಜನ, ಮನ, ವನ, ನವರಸ ಎಲ್ಲ ಬರುತ್ತವೆ. ಆಮೇಲೆ ಕಾಗುಣಿತಕ್ಕೆ ಹೋದರೆ ಭಯ ಇರುವುದಿಲ್ಲ.

ವ ಮತ್ತು ಮ ಮಕ್ಕಳನ್ನು ಬಹಳ ಕಾಡುತ್ತವೆ. ನನಗೆ ದಾರಿ ಸಿಕ್ಕಿದ್ದು ರೊಟ್ಟಿ ಬಡಿಯುವಾಗ. ಪರಾತದಲ್ಲಿ ಉಳಿದ ಜೋಳದ ಹಿಟ್ಟನ್ನು ಕೈಯಿಂದ ಸವರಿ ಸಮ ಮಾಡಿದೆ. ಅವಳು ಬೆರಳಲ್ಲಿ ವ ಬರೆದಳು. "ಈಗ ಇದಕ್ಕ ಒಂದು ಬಾಲ ಹಚ್ಚು" ಅಂದೆ. ಬಲಕ್ಕೆ ಬಾಲ ಎಳೆದು ಮೇಲೆ ಎತ್ತಿದಳು. ಮ ಆಯಿತು. ಹಿಟ್ಟು ಸವರಿದಳು, ಮತ್ತೆ ಬರೆದಳು. ಏಳೆಂಟು ಸಲ. ತವೆಯ ಮೇಲಿನ ರೊಟ್ಟಿ ಸ್ವಲ್ಪ ಹೊತ್ತಿತು, ಆದರೆ ಆಮೇಲೆ ಅವಳು ಆ ಎರಡನ್ನು ಅದಲುಬದಲು ಮಾಡಲಿಲ್ಲ.

ನಮ್ಮೂರಿಗೇ ಇರುವ ಒಂದು ಮಾತು. ಖಡೇಬಜಾರಿನಲ್ಲಿ ಹೋಗುವಾಗ ಮಗುವಿನ ಕಣ್ಣಿಗೆ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಬೋರ್ಡು ಬೀಳುತ್ತವೆ. ಮಾತು ಎಷ್ಟು ಭಾಷೆಯಲ್ಲಾದರೂ ಇರಲಿ, ಪಕ್ಕದ ಮನೆಯ ಕಾಕುವಿನ ಜೊತೆ ಮರಾಠಿ ಆಡಲಿ, ಒಳ್ಳೆಯದೇ. ಆದರೆ ಮನೆಯ ಇಪ್ಪತ್ತು ನಿಮಿಷದಲ್ಲಿ ಒಂದೇ ಲಿಪಿ ಇರಲಿ. ದೀಪಾವಳಿವರೆಗಾದರೂ.

ಅಕ್ಷರದ ರೂಪದಲ್ಲಿ ಟೀಚರ್ ಮಾತೇ ಕೊನೆಯ ಮಾತು. ನಾನು ಒಂದು ಅಕ್ಷರವನ್ನು ನನ್ನ ಕಾಲದ ಹಾಗೆ ಎಳೆದು ತೋರಿಸಿದಾಗ ಮಗಳು, "ಹಂಗಲ್ಲ ಮಮ್ಮಿ, ನಮ್ಮ ಟೀಚರ್ ಹಿಂಗ ಬರೀಬೇಕ ಅಂದಾರ" ಅಂದಳು. ವಾದ ಮಾಡಲಿಲ್ಲ. ಆರು ವರ್ಷದ ಮಗುವಿಗೆ ಮನೆ ಒಂದು, ಶಾಲೆ ಒಂದು ಹೇಳಿದರೆ ಎರಡರ ಮೇಲೂ ನಂಬಿಕೆ ಹೋಗುತ್ತದೆ.

ಟೀಚರ್ ಜೊತೆ ಮಾತು

ಜೂನ್ ಎರಡನೇ ವಾರ ಒಮ್ಮೆ ಹೋಗಿ ನಿಮ್ಮ ಹಾಳೆ ತೋರಿಸಿ. "ಟೀಚರ್, ಮನೆಯಲ್ಲಿ ಇಷ್ಟು ಮಾಡಿಸುತ್ತೇವೆ, ಇದರಲ್ಲಿ ಏನಾದರೂ ಬದಲು ಮಾಡಬೇಕಾ?" ಅಂತ ಕೇಳಿ. ತಿಂಗಳಿಗೆ ಒಂದು ಸಲ ಡೈರಿಯಲ್ಲಿ ಎರಡು ಸಾಲು ಬರೆಯಿರಿ. ಏನು ಬಂತು, ಏನು ಬರುತ್ತಿಲ್ಲ. ದಿನವೂ ಗೇಟಿನಲ್ಲಿ ನಿಂತು ಕೇಳುವುದು ಬೇಡ. ಅವರ ಮುಂದೆ ಬೇರೆ ಮಕ್ಕಳೂ ಇರುತ್ತಾರೆ.

ಸತ್ಯವೇದ: ತಿಂಗಳಿಗೆ ಒಂದು ವಾಕ್ಯ

ನಾನು ಸಭೆಯ ಸಂಡೇ ಸ್ಕೂಲಿನಲ್ಲಿ ಕಲಿಸುತ್ತೇನೆ. ಅಲ್ಲಿ ವಾರಕ್ಕೊಂದು ವಾಕ್ಯ ಬಾಯಿಪಾಠ ಮಾಡಿಸಿ, ಕ್ರಿಸ್‌ಮಸ್ ಹೊತ್ತಿಗೆ ಮಕ್ಕಳಿಗೆ ಒಂದೂ ನೆನಪಿರದೆ ಇರುವುದನ್ನು ನೋಡಿದ್ದೇನೆ. ಅದಕ್ಕೆ ಮನೆಯಲ್ಲಿ ತಿಂಗಳಿಗೆ ಒಂದೇ ಇಟ್ಟೆವು. ಜೂನ್‌ನಿಂದ ಮಾರ್ಚ್‌ವರೆಗೆ ಹತ್ತು ವಾಕ್ಯ. ಹತ್ತು ಸಾಕು.

ನಮ್ಮ ಕನ್ನಡ ಸತ್ಯವೇದದ ಭಾಷೆ ಹಳೆಯದು, ಅಂದವಾದದ್ದು, ಆದರೆ ಮಗುವಿಗೆ ಕಷ್ಟ. 23ನೇ ಕೀರ್ತನೆ 'ಯೆಹೋವನು ನನಗೆ ಕುರುಬನು. ಕೊರತೆಪಡೆನು' ಅಂತ ಶುರುವಾಗುತ್ತದೆ. ಮೊದಲ ಅರ್ಧ ನಮ್ಮ ಕಡೆಯ ಮಕ್ಕಳಿಗೆ ಹೇಳಿಕೊಡಬೇಕಿಲ್ಲ. ಬಾಗಲಕೋಟೆ ರಸ್ತೆಯಲ್ಲಿ ಬಸ್ಸು ನಿಂತಾಗ ಹೆಗಲ ಮೇಲೆ ಕಂಬಳಿ ಹಾಕಿದ ಕುರುಬರನ್ನು, ಅವರ ಹಿಂದೆ ಬರುವ ಕುರಿ ಹಿಂಡನ್ನು ಮಗಳು ನೋಡಿದ್ದಾಳೆ. ಒಬ್ಬ ಅಜ್ಜ ಕುಂಟುವ ಮರಿಯನ್ನು ಕಂಬಳಿಯೊಳಗೆ ಇಟ್ಟುಕೊಂಡು ನಡೆಯುತ್ತಿದ್ದರು. ಮನೆಗೆ ಬಂದ ಮೇಲೆ ಆ ಮರಿಯನ್ನೇ ನೆನಪಿಸಿದೆ. 'ಕೊರತೆಪಡೆನು' ಅಂದರೆ ಏನು ಅಂತ ಕೇಳಿದಳು. "ಆ ಮರಿಗೆ ಏನರ ಕಮ್ಮಿ ಇತ್ತೇನು?" ಅಂದೆ. "ಇಲ್ಲ" ಅಂದಳು. ಅಷ್ಟು ಸಾಕಾಯಿತು. ವಾಕ್ಯ ಬಾಯಿಪಾಠ ಆಗುವ ಮುಂಚೆ ಮಗು ಅದನ್ನು ಕಣ್ಣಿಂದ ನೋಡಿರಲಿ. ಸುಮ್ನೆ ಹತ್ತು ಸಲ ಹೇಳಿಸಿದರೆ ನಾಲಿಗೆಗೆ ಬರುತ್ತದೆ, ಒಳಗೆ ಇಳಿಯುವುದಿಲ್ಲ.

ಕಥೆಗಳನ್ನೂ ಜಾಸ್ತಿ ಇಟ್ಟುಕೊಳ್ಳಬೇಡಿ. ನೋಹ, ಬುಟ್ಟಿಯಲ್ಲಿ ತೇಲಿದ ಮೋಶೆ, ದಾವೀದ, ಸಿಂಹದ ಗುಹೆಯ ದಾನಿಯೇಲ, ಯೇಸುವಿನ ಹುಟ್ಟು, ಐದು ರೊಟ್ಟಿ ಎರಡು ಮೀನು. ಇವನ್ನೇ ತಿರುಗಾ ಮುರುಗಾ ಹೇಳಿ. ಎರಡನೇ ಸಲಕ್ಕೆ ಮಗುವೇ ಹೇಳಲಿ. ಕಥೋಲಿಕ ಮನೆಗಳಲ್ಲಿ ಸಂಜೆಯ ಜಪಸರ ಇದ್ದರೆ, ಮಗುವಿನ ಪಾಲಿಗೆ ಅದರ ಒಂದು ತುಣುಕು ಕೊಡಿ. ಪೂರ್ತಿ ಮುಗಿಯುವವರೆಗೆ ಮೊಣಕಾಲೂರಿ ಕೂರಿಸಬೇಡಿ. ಭಾನುವಾರ ಬೇರೆ ಪಾಠ ಏನೂ ಬೇಡ, ಸಭೆ ಅಥವಾ ಪೂಜೆ, ಅದರ ಜೊತೆಗಿನ ಸಂಡೇ ಸ್ಕೂಲ್ ಅಥವಾ ಧರ್ಮೋಪದೇಶ, ಅಷ್ಟೇ ಸಾಕು.

ಲೆಕ್ಕ: ಹುಣಸೆ ಬೀಜ ಇದ್ದರೆ ಆಯಿತು

ಕೇಂದ್ರದ ನಿಪುಣ್ ಭಾರತ್ ಯೋಜನೆ 2021ರಲ್ಲಿ ಶುರುವಾಯಿತು. ಅದರ ಪ್ರಕಾರ ಒಂದನೇ ಕ್ಲಾಸು ಮುಗಿಸಿದ ಮಗು ನಾಲ್ಕೈದು ಸರಳ ಪದಗಳ ವಾಕ್ಯ ಓದಬೇಕು, 99ರವರೆಗೆ ಸಂಖ್ಯೆ ಓದಿ ಬರೆಯಬೇಕು, ಸಣ್ಣ ಕೂಡುವುದು ಕಳೆಯುವುದು ಬರಬೇಕು. ಇದಕ್ಕಿಂತ ಜಾಸ್ತಿ ಯಾರೂ ಕೇಳುತ್ತಿಲ್ಲ. ಮಗ್ಗಿಗೆ ಅವಸರ ಬೇಡ.

ಹುಣಸೆ ಬೀಜ ತೊಳೆದು ಒಣಗಿಸಿ ಡಬ್ಬಿಯಲ್ಲಿಡಿ. ಮೊದಲು ಹತ್ತು, ಆಮೇಲೆ ಇಪ್ಪತ್ತು. ಹತ್ತಾದ ಕೂಡಲೇ ಒಂದು ಬಟ್ಟಲಿಗೆ ಹಾಕಿಸಿ. ಹತ್ತರ ಬಟ್ಟಲು ಎಷ್ಟು, ಬಿಡಿ ಎಷ್ಟು ಅಂತ ಕೇಳಿ. ಮೂರು ಬಟ್ಟಲು, ನಾಲ್ಕು ಬಿಡಿ ಅಂದರೆ ಮೂವತ್ತನಾಲ್ಕು. ಸಂಖ್ಯೆ ಬರೆಯುವಾಗ ಯಾವ ಅಂಕಿ ಎಡಕ್ಕೆ ಅನ್ನುವ ಗೊಂದಲ ಬಟ್ಟಲಿನಿಂದಲೇ ಹೋಗುತ್ತದೆ. ರೊಟ್ಟಿ ಮೀನಿನ ಕಥೆ ಹೇಳಿದ ದಿನ ಐದು ಮತ್ತು ಎರಡು ಕೂಡಿಸಿ. ಮಿಕ್ಕ ಹನ್ನೆರಡು ಪುಟ್ಟಿಯನ್ನು ಒಂದು ಬಟ್ಟಲು, ಎರಡು ಬಿಡಿ ಅಂತ ಜೋಡಿಸಲಿ.

ಒಂದು ಕಥೆಯನ್ನು ಮಾತ್ರ ವರ್ಷವಿಡೀ ಹೇಳದೆ ಇಟ್ಟುಕೊಳ್ಳಿ. ಲೂಕನ ಸುವಾರ್ತೆ 15ನೇ ಅಧ್ಯಾಯದ ಕಳೆದುಹೋದ ಕುರಿ. ನೂರು ಕುರಿ ಇದ್ದವು, ಒಂದು ಕಳೆಯಿತು, ಉಳಿದದ್ದು ತೊಂಬತ್ತೊಂಬತ್ತು. ಒಂದನೇ ಕ್ಲಾಸಿನ ಲೆಕ್ಕ ಸರಿಯಾಗಿ ಅಲ್ಲಿಗೇ ಬಂದು ನಿಲ್ಲುತ್ತದೆ ನೋಡಿ. ಫೆಬ್ರವರಿಯಲ್ಲೋ ಮಾರ್ಚ್‌ನಲ್ಲೋ ಮಗು ಒಂಬತ್ತು ಬಟ್ಟಲು, ಒಂಬತ್ತು ಬಿಡಿ ತಾನೇ ಜೋಡಿಸಿ ಎಣಿಸುವ ದಿನ ಬರುತ್ತದೆ. ಅವತ್ತು "ನೂರು ಇರಬೇಕಿತ್ತಲ್ಲ, ಇನ್ನೊಂದು ಎಲ್ಲಿ?" ಅಂತ ಕೇಳಿ. ಆ ಒಂದು ಬೀಜವನ್ನು ಮೊದಲೇ ಮನೆಯಲ್ಲಿ ಎಲ್ಲೋ ಇಟ್ಟಿರಿ. ನಾನು ಹೊಲಿಗೆ ಮಷಿನ್ನಿನ ಕೆಳಗೆ ಇಟ್ಟಿದ್ದೆ. ಮಗಳು ಚಾಪೆ ಎತ್ತಿದಳು, ಮಂಚದ ಕೆಳಗೆ ತೂರಿದಳು, ಅಜ್ಜಿಯ ಸೆರಗು ಜಾಡಿಸಿದಳು. ಹೇಳಿಕೊಡಬೇಡಿ. ಎಷ್ಟು ಹೊತ್ತಾದರೂ ಹುಡುಕಲಿ. ಸಿಕ್ಕಿದ ಮೇಲೆ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಓಡಿ ಬರುತ್ತಾಳಲ್ಲ, ಆಗ ಪಕ್ಕದಲ್ಲಿ ಕೂರಿಸಿಕೊಂಡು ಕಥೆ ಶುರು ಮಾಡಿ.