ಟೈರಿನೊಳಗೆ ಟೈರು: ಹಿರೇಹಳ್ಳಿ ದಾರಿಯ ಪಂಕ್ಚರ್ ಪುರಾಣ

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಪಂಕ್ಚರ್ ತಡೆಯಲು ನನ್ನ ಸೈಕಲ್ಲಿನ ಹಿಂದಿನ ಚಕ್ರದೊಳಗೆ ಹಳೇ ಟೈರಿನ ಪಟ್ಟಿ ಕೂರಿಸಿ 14 ತಿಂಗಳಾಯಿತು. ತುಮಕೂರಿನ ಬಟವಾಡಿಯಿಂದ ಹಿರೇಹಳ್ಳಿ ಕೈಗಾರಿಕಾ ಪ್ರದೇಶಕ್ಕೆ ಹೋಗಿ ಬರುವುದು ದಿನಕ್ಕೆ ಹತ್ತಿರಹತ್ತಿರ 20 ಕಿಲೋಮೀಟರ್. ರಜೆ, ಜ್ವರ, ಜೋರು ಮಳೆ ಎಲ್ಲ ಕಳೆದರೂ 6 ಸಾವಿರ ಕಿಲೋಮೀಟರ್ ಮೇಲೇ ಆಗಿರಬೇಕು. ಇಷ್ಟಕ್ಕೂ ಹಿಂದಿನ ಚಕ್ರ ಪಂಕ್ಚರ್ ಆಗಿದ್ದು ಎರಡೇ ಸಲ. ಅದರಲ್ಲಿ ಒಂದು ಪಂಕ್ಚರ್ರೇ ಅಲ್ಲ, ಆಮೇಲೆ ಹೇಳುತ್ತೇನೆ.

ಇದಕ್ಕೆ ಮುಂಚೆ ತಿಂಗಳಿಗೆ ಆರೇಳು ಆಗುತ್ತಿತ್ತು.

ನಮ್ಮ ಏರಿಯಾದ ಪಂಕ್ಚರ್ ಭಾಯ್ 'ಸಾರ್, ಒಂದು ವಾರ. ಅದು ಒಳಗೇ ಟ್ಯೂಬ್ ಕೊಯ್ದು ಹಾಕುತ್ತೆ, ನೋಡ್ತಾ ಇರಿ' ಅಂದಿದ್ದರು. ಸ್ಟೋರ್ಸ್‌ನಲ್ಲಿ ಜೊತೆಗೆ ಕೆಲಸ ಮಾಡುವ ಹುಡುಗ 'ಅಣ್ಣ, ಸುಮ್ನೆ ಬೈಕ್ ತಗೊಂಡು ಬನ್ನಿ' ಅಂದ. ಮನೆಯಲ್ಲಿ ಹೇಳಿದ್ದನ್ನು ಇಲ್ಲಿ ಬರೆಯುವುದು ಬೇಡ. ಇವರು ಮೂವರೂ ಓದಲಿ ಅಂತಲೇ ಬರೆಯುತ್ತಿದ್ದೇನೆ ಅಂದುಕೊಳ್ಳಿ.

ಸೈಕಲ್ ಹಿಡಿದಿದ್ದು ದುಡ್ಡು ಉಳಿಸಲು. ಆರೋಗ್ಯದ ಮಾತೆಲ್ಲ ಆಮೇಲೆ ಸೇರಿಸಿಕೊಂಡಿದ್ದು. ಬೈಕಿಗೆ ತಿಂಗಳಿಗೆ ಸಾವಿರ ರೂಪಾಯಿ ಚಿಲ್ಲರೆ ಪೆಟ್ರೋಲ್ ಬೀಳುತ್ತಿತ್ತು. ಹಳೇ 28 ಇಂಚಿನ ರಾಡ್ ಬ್ರೇಕ್ ಸೈಕಲ್ ಒಂದು 1,800ಕ್ಕೆ ಸಿಕ್ಕಿತು. ಪೆಡಲ್, ಚೈನು, ಪೆಡಲ್ ಅಚ್ಚು ಕೂರುವ ಬಿಬಿ ಕಪ್ಪು, ಎರಡು ಟೈರು ಎಲ್ಲ ಬದಲಾಯಿಸುವ ಹೊತ್ತಿಗೆ ಇನ್ನೊಂದು 1,700. ನಾಲ್ಕು ತಿಂಗಳಲ್ಲಿ ಅಸಲು ವಾಪಸ್ ಅಂತ ಡೈರಿಯಲ್ಲಿ ಬರೆದಿಟ್ಟಿದ್ದೆ. ಬಂದಿದ್ದೇನು? ಪಂಕ್ಚರ್ ಒಂದಕ್ಕೆ 40, 50. ನಾಲ್ಕು ಪ್ಯಾಚ್ ಆದಮೇಲೆ ಭಾಯ್ 'ಟ್ಯೂಬೇ ಹಾಕ್ಸಿ ಸಾರ್' ಅನ್ನುತ್ತಾರೆ, ಅದಕ್ಕೆ 150. ಇದೆಲ್ಲ ಹೋಗಲಿ, ಬೆಳಿಗ್ಗೆ ಎಂಟೂಕಾಲಿಗೆ ಸರ್ವೀಸ್ ರಸ್ತೆಯಲ್ಲಿ ಗಾಳಿ ಹೋದರೆ ಗೇಟಿನಲ್ಲಿ ಅರ್ಧ ದಿನದ ಸಂಬಳ ಕಟ್. ಒಂದು ತಿಂಗಳಂತೂ ಸೈಕಲ್ ತುಳಿದಿದ್ದಕ್ಕೆ ಬೈಕಿಗಿಂತ ಇನ್ನೂರು ರೂಪಾಯಿ ಜಾಸ್ತಿ ಖರ್ಚಾಗಿತ್ತು. ಬೆವರು ಬೇರೆ.

ನಮ್ಮ ದಾರಿಯಲ್ಲಿ ಪಂಕ್ಚರ್‌ಗೂ ಸೀಸನ್ ಇದೆ. ಬೇಸಿಗೆಯಲ್ಲಿ ಬೇಲಿ ಸವರಿ ಬಳ್ಳಾರಿ ಜಾಲಿಯ ಕೊಂಬೆಗಳನ್ನು ರಸ್ತೆ ಪಕ್ಕ ಎಸೆಯುತ್ತಾರೆ. ಆ ಮುಳ್ಳು ಟೈರಿಗೆ ನೆಟ್ಟಗೆ ಇಳಿದು ಒಳಗೇ ಮುರಿದುಕೊಳ್ಳುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಮಣ್ಣಿನ ಅಂಚಿಗೆ ಇಳಿದರೆ ನೆಗ್ಗಿಲು. ಅದು ಹೇಗೆ ಬಿದ್ದರೂ ಒಂದು ಮುಳ್ಳು ಮೇಲಕ್ಕೇ ನಿಂತಿರುತ್ತದೆ. ಮಳೆಗಾಲದಲ್ಲಿ ಶತ್ರು ಬೇರೆ. ಹೈವೇಯಲ್ಲಿ ಲಾರಿ ಟೈರು ಸಿಡಿದು ಬಿದ್ದಿರುತ್ತದಲ್ವಾ, ಅದರೊಳಗಿನ ಉಕ್ಕಿನ ತಂತಿ, ಕೂದಲಿನಷ್ಟು ಸಣ್ಣದು. ಟೈರು ಒದ್ದೆಯಾಗಿದ್ದರೆ ತಂತಿ, ಗಾಜು ಎಲ್ಲ ಅಂಟಿಕೊಂಡು ಬೇಗ ಒಳಗೆ ಇಳಿಯುತ್ತವೆ. ನನಗೆ ಆದ ಪಂಕ್ಚರ್‌ಗಳಲ್ಲಿ ಅರ್ಧದಷ್ಟು ಈ ತಂತಿಯದ್ದೇ, ಮುಳ್ಳಿಗೆ ಸುಮ್ನೆ ಕೆಟ್ಟ ಹೆಸರು. ಇನ್ನು ಶಿವರಾತ್ರಿ ಸುಮಾರಿಗೆ ಸಿದ್ಧಗಂಗೆಯ ದನಗಳ ಜಾತ್ರೆ. ಕ್ಯಾತ್ಸಂದ್ರದ ಹತ್ತಿರ ಆ ದಿನಗಳಲ್ಲಿ ನನಗೆ ಎರಡು ಸಲ ಎತ್ತಿನ ಲಾಳದ ಮೊಳೆ ಚುಚ್ಚಿದೆ. ಅದಕ್ಕೆ ಯಾವ ಮದ್ದೂ ಇಲ್ಲ, ಇಳಿದು ತಳ್ಳುವುದೇ.

ಮಾಡಿದ ಪ್ರಯೋಗಗಳ ಕಥೆ ಕೇಳಿ. ಮೊದಲನೆಯದು ಬೈಕಿನ ಟ್ಯೂಬ್‌ಲೆಸ್ ಟೈರಿಗೆ ಹಾಕುವ ದ್ರವ. 350 ರೂಪಾಯಿ. ನಮ್ಮದು ಸೈಕಲ್ ವಾಲು, ಪಿನ್ನಿಗೆ ರಬ್ಬರ್ ಕೊಳವೆ ಹಾಕುವ ಜಾತಿ. ಪಿನ್ನು ತೆಗೆದು ಸಿರಿಂಜಿನಲ್ಲಿ ಬಿಟ್ಟೆ. ಸಣ್ಣ ತೂತು ಮುಚ್ಚಿತು, ಸುಳ್ಳು ಹೇಳುವುದಿಲ್ಲ. ಆದರೆ ಹತ್ತು ದಿನಕ್ಕೆ ಆ ವಾಲಿನ ರಬ್ಬರೇ ಅಂಟಿ ಹೋಗಿ ಗಾಳಿ ಒಳಗೂ ಹೋಗದು, ಹೊರಗೂ ಬಾರದು. ಆಮೇಲೆ ಪ್ಯಾಚ್ ಹಾಕಲು ಹೋದರೆ ಟ್ಯೂಬ್ ತುಂಬ ಲೋಳೆ, ಪ್ಯಾಚ್ ಅಂಟಿಸುವ ಸೊಲ್ಯೂಷನ್ ಹಿಡಿಯುವುದೇ ಇಲ್ಲ. ಭಾಯ್ ಬೈದರು.

ಎರಡನೆಯದು ಹೇಳಲು ನಾಚಿಕೆ. ಹಿರೇಹಳ್ಳಿಯಲ್ಲಿ ತೋಟಗಾರಿಕೆ ಸಂಶೋಧನಾ ಕೇಂದ್ರ ಇದೆಯಲ್ಲ, ಚೇಳೂರಿನ 'ಸಿದ್ದು' ಹಲಸಿನ ತಳಿಯನ್ನು ಹೆಸರು ಮಾಡಿದ್ದು ಅವರೇ. ದಿನಾ ಅದೇ ಊರಿಗೆ ಹೋಗುವವನಿಗೆ ಹಲಸಿನ ಯೋಚನೆ ಬರದೆ ಇರುತ್ತದಾ? ಕಾಯಿಯ ಮೇಣ ಸವರಿದರೆ ಟೈರಿನ ಒಳಮೈ ಅಂಟಾಗಿ, ಮುಳ್ಳು ಹೋದ ತೂತು ತಾನೇ ಮುಚ್ಚಿಕೊಳ್ಳಬಹುದು ಅಂತ ನನ್ನ ವಿಜ್ಞಾನ. ಮಾವನ ತೋಟದಿಂದ ಎರಡು ಕಾಯಿ ತಂದು, ಮೇಣ ಇಳಿಸಿ, ಟೈರಿನೊಳಗೆ ಬಳಿದೆ. ಮೂರನೇ ದಿನ ಪಂಕ್ಚರ್. ಟ್ಯೂಬ್ ಎಳೆದರೆ ಟೈರಿಗೆ ಅಂಟಿಕೊಂಡು ಹರಿದೇ ಬಂತು. ಕೈಗೆ ಹತ್ತಿದ್ದು ಹೋಗಲು ಅರ್ಧ ಬಟ್ಟಲು ಕೊಬ್ಬರಿ ಎಣ್ಣೆ ಬೇಕಾಯಿತು. ಹಣ್ಣು ಮಾಡಿ ತಿಂದಿದ್ದರೆ ಆಗುತ್ತಿತ್ತು.

ಆಮೇಲೆ ಸ್ಕೂಟರ್ ಟ್ಯೂಬನ್ನು ಸೀಳಿ ಒಳಗೆ ಹಾಸಿದೆ. ದಪ್ಪ ಜಾಸ್ತಿಯಾಗಿ ಟೈರು ರಿಮ್ಮಿನಲ್ಲಿ ಸರಿಯಾಗಿ ಕೂರಲಿಲ್ಲ, ಒಂಟೆ ಮೇಲೆ ಕೂತ ಹಾಗೆ ಎದ್ದು ಬಿದ್ದು ಹೋಗುತ್ತಿತ್ತು. ಬರೀ ರಬ್ಬರ್ ಆದ್ದರಿಂದ ಜಾಲಿ ಮುಳ್ಳು ಅದನ್ನೂ ದಾಟಿತು. ಆನ್‌ಲೈನಿನಲ್ಲಿ ರೆಡಿ ಪ್ಲಾಸ್ಟಿಕ್ ಪಟ್ಟಿ ತರಿಸಿದೆ, ಜೋಡಿಗೆ 700 ಚಿಲ್ಲರೆ. ಮುಳ್ಳು ತಡೆಯಿತು. ಮೂರು ವಾರದಲ್ಲಿ ಪಟ್ಟಿಯ ಅಂಚೇ ಟ್ಯೂಬನ್ನು ಉಜ್ಜಿ ಉಜ್ಜಿ ಕೊಯ್ದಿತು. ಭಾಯ್ ಹೇಳಿದ್ದು ಅದನ್ನೇ. ಆಗಲೇ ನನಗೆ ಹೊಳೆದಿದ್ದು, ಮುಳ್ಳು ತಡೆಯುವುದು ಕಷ್ಟವೇ ಅಲ್ಲ, ತಡೆಯುವ ಪಟ್ಟಿಯ ಅಂಚನ್ನು ಸಾಯಿಸುವುದೇ ಕೆಲಸ.

ಟೈರು ಹರಿದಾಗ ಒಳಗೆ ಗೇಟರ್ ಅಂತ ಹಳೇ ಟೈರಿನ ತುಂಡು ಇಡುತ್ತಾರಲ್ಲ, ಅದನ್ನೇ ಸುತ್ತಲೂ ಇಟ್ಟರೆ? ಸವೆದ ಹಳೇ ಟೈರಿನಲ್ಲಿ ನೂಲಿನ ಪದರ ಇರುತ್ತದೆ, ಮುಳ್ಳಿಗೆ ಬರೀ ರಬ್ಬರಿಗಿಂತ ಅದು ಕಷ್ಟ. ಭಾಯ್ ಅಂಗಡಿ ಹಿಂದೆ ಬೋಳು ಟೈರುಗಳ ರಾಶಿಯೇ ಇತ್ತು. 20 ರೂಪಾಯಿಗೆ ಒಂದು ತಂದೆ. ಎರಡೂ ಕಡೆಯ ತಂತಿ ಅಂಚು ಕೊಯ್ದು, ನಡುವಿನ ಮೂರು ಬೆರಳಗಲ ಉಳಿಸಿ, ಹಾಗೇ ಬಳೆಯ ಹಾಗೆ ಹೊಸ ಟೈರಿನೊಳಗೆ ತುರುಕಿದೆ.

ಮಾರನೇ ದಿನ ಕ್ಯಾತ್ಸಂದ್ರ ದಾಟುವ ಮುಂಚೆಯೇ ಢಮ್. ಬಿಚ್ಚಿ ನೋಡಿದರೆ ಒಂದು ಕಡೆ ಪಟ್ಟಿ ಮಡಿಚಿಕೊಂಡು ಟ್ಯೂಬನ್ನು ಕಚ್ಚಿ ಹಿಡಿದಿತ್ತು. ಒಳಗಿನ ಸುತ್ತಳತೆ ಹೊರಗಿನದಕ್ಕಿಂತ ಕಮ್ಮಿ ಅನ್ನುವುದು ಎಸ್ಸೆಸ್ಸೆಲ್ಸಿ ಹುಡುಗನಿಗೂ ಗೊತ್ತು, ನನಗೆ ಹೊಳೆದಿರಲಿಲ್ಲ. ಪಟ್ಟಿಯ ದಪ್ಪ 3 ಮಿಲಿಮೀಟರ್ ಅಂದರೆ ಸುತ್ತಳತೆಯಲ್ಲಿ ಸುಮಾರು 2 ಸೆಂಟಿಮೀಟರ್ ಜಾಸ್ತಿಯಾಗುತ್ತದೆ. ಆ 2 ಸೆಂಟಿಮೀಟರ್ ನನ್ನ ಅರ್ಧ ದಿನದ ಸಂಬಳ ತಿಂದಿತು. ಸೈಕಲ್ ತಳ್ಳಿಕೊಂಡು ಹೋಗುವಾಗ ಸ್ಟೋರ್ಸ್ ಹುಡುಗ ಬೈಕಿನಲ್ಲಿ ಪಕ್ಕದಲ್ಲೇ ಹೋದ. ಹಾರ್ನ್ ಬೇರೆ ಹೊಡೆದ.

ಈಗ ಮಾಡುವುದು ಹೀಗೆ. ಪೂರ್ತಿ ಬೋಳಾದ ಟೈರೇ ಬೇಕು, ಮೇಲಿನ ರಬ್ಬರ್ ಗುಂಡಿ ಉಳಿದಿದ್ದರೆ ದಪ್ಪ. ನಡುವೆ ಮೂರು ಬೆರಳಗಲದ ಪಟ್ಟಿ, ಒಂದು ಕಡೆ ಕತ್ತರಿಸಿ ಬಿಡಿಸಿ. ಒಳಗೆ ಹಾಸಿ ನೋಡಿ, ತುದಿ ಒಂದರ ಮೇಲೊಂದು ಬರುವಷ್ಟು ಮಾತ್ರ ಉಳಿಸಿ, ಎರಡು ತುದಿಯನ್ನೂ ಇಳಿಜಾರಾಗಿ ತೇಯಿರಿ. ತೇಯದಿದ್ದರೆ ಚಕ್ರ ತಿರುಗಿದಾಗೆಲ್ಲ ಟಕ್ ಟಕ್ ಅನ್ನುತ್ತದೆ, ಕೂತವನ ಬೆನ್ನಿಗೆ ಗೊತ್ತಾಗುತ್ತದೆ. ಆಮೇಲೆ ಉದ್ದಕ್ಕೂ ಎರಡು ಅಂಚನ್ನು ಉಪ್ಪು ಕಾಗದದಲ್ಲಿ ತೆಳ್ಳಗೆ, ದೋಸೆ ಅಂಚಿನ ಹಾಗೆ ಆಗುವ ತನಕ ಉಜ್ಜಬೇಕು. ನನಗೆ ಎರಡು ಭಾನುವಾರ ಹಿಡಿಯಿತು. ಪಟ್ಟಿಗೂ ಟ್ಯೂಬಿಗೂ ನಡುವೆ ಹಳೇ ಸೈಕಲ್ ಟ್ಯೂಬ್ ಸೀಳಿ ಒಂದು ಹಾಸು, ಅದು ಪಟ್ಟಿಗಿಂತ ಎರಡೂ ಕಡೆ ಒಂದೊಂದು ಬೆರಳು ಅಗಲ ಇರಲಿ. ಪೌಡರ್ ಧಾರಾಳವಾಗಿ. ಗಾಳಿ ಒಂದೇ ಸಲ ತುಂಬಬೇಡಿ. ಅರ್ಧ ತುಂಬಿ, ಟೈರನ್ನು ಸುತ್ತಲೂ ಹಿಸುಕಿ, ಇಳಿಸಿ, ಮತ್ತೆ ತುಂಬಿ.

ಪಟ್ಟಿ ಜಾರದ ಹಾಗೆ ಟೈರಿಗೆ ಏನು ಹಚ್ಚುತ್ತೇನೆ ಅನ್ನುವುದನ್ನು ಮಾತ್ರ ಬರೆಯುವುದಿಲ್ಲ. ಸೊಲ್ಯೂಷನ್ ಅಲ್ಲ, ಸೊಲ್ಯೂಷನ್ ಹಾಕಿದರೆ ಸುಕ್ಕು ಬರುತ್ತದೆ. ಅಡುಗೆ ಮನೆಯಲ್ಲಿ ಸಿಗುವಂಥದ್ದೇ. ಅಂಚು ಉಜ್ಜುವುದಕ್ಕೂ ಬೇಗ ಆಗುವ ಒಂದು ದಾರಿ ಕಂಡುಕೊಂಡಿದ್ದೇನೆ, ಈಗ ಎರಡು ಭಾನುವಾರ ಬೇಡ, ಒಂದು ಸಂಜೆ ಸಾಕು. ಅದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಮುಂದಿನ ಚಕ್ರಕ್ಕೆ ಪಟ್ಟಿ ಹಾಕಿಲ್ಲ. ಭಾರವೆಲ್ಲ ಹಿಂದೆ, ಪಂಕ್ಚರ್ ಆಗುವುದೂ ಅಲ್ಲೇ ಜಾಸ್ತಿ. ಮುಂದಿನದಕ್ಕೆ ಬೇರೆ ಪ್ರಯೋಗ. ಮುಳ್ಳು ಚುಚ್ಚಿದ ತಕ್ಷಣ ಟ್ಯೂಬಿಗೆ ತಾಗುವುದಿಲ್ಲ, ಚಕ್ರ ಉರುಳಿ ಉರುಳಿ ಒಳಗೆ ತಳ್ಳುತ್ತದೆ. ಅಷ್ಟರಲ್ಲೇ ಸವರಿ ಬೀಳಿಸಿದರೆ ಸಾಕು ಅಂತ ಮಡ್‌ಗಾರ್ಡಿನ ಕಡ್ಡಿಗೆ ಹಳೇ ಹಲ್ಲುಜ್ಜುವ ಬ್ರಷ್ ಕಟ್ಟಿದೆ. ನೆಗ್ಗಿಲು ಚೆನ್ನಾಗಿ ಉದುರುತ್ತಿತ್ತು. ಆದರೆ ಸರಸರ ಸದ್ದು. ಆ ಸದ್ದು ನಮ್ಮ ದಾರಿಯ ನಾಯಿಗಳಿಗೆ ಏನು ಕೇಳಿಸುತ್ತಿತ್ತೋ, ಬಟವಾಡಿಯ ಮೂರು ನಾಯಿ ದಿನಾ ಬೀಳ್ಕೊಡಲು ಬರುತ್ತಿದ್ದವು. ವಾರಕ್ಕೆ ಬಿಚ್ಚಿದೆ. ಈಗ ದಪ್ಪ ತೊಗಲಿನ ತುಂಡು ಕಟ್ಟಿದ್ದೇನೆ, ಸದ್ದಿಲ್ಲ, ಕೆಲಸ ಮಾತ್ರ ಅರ್ಧಂಬರ್ಧ.

ನಿಜವಾದ ಪರೀಕ್ಷೆ ದೇವರಾಯನದುರ್ಗದ್ದು. ರಸ್ತೆ ಬಿಟ್ಟು ಕಾಡಿನ ಕಡೆ ಹೋಗದೆ ನಂಬಲಾರೆ ಅಂತ ಒಂದು ಭಾನುವಾರ ನಾಮದ ಚಿಲುಮೆ ಕಡೆಯಿಂದ ಹೊರಟೆ. ಗೇರ್ ಇಲ್ಲದ ಸೈಕಲ್‌ನಲ್ಲಿ ಆ ಬೆಟ್ಟ ಹತ್ತುತ್ತೇನೆ ಅನ್ನುವವರು ಸುಳ್ಳುಗಾರರು, ಕೊನೆಯ ತಿರುವುಗಳಲ್ಲಿ ತಳ್ಳಿದೆ. ಕೆಳಗೆ ಭೋಗ ನರಸಿಂಹನ ಗುಡಿ, ಮೇಲೆ ಯೋಗ ನರಸಿಂಹ. ಇಲ್ಲೇ ಹುಟ್ಟುವ ಜಯಮಂಗಲಿ ನದಿಯಲ್ಲಿ ನೀರು ನೋಡಲು ಮಳೆಗಾಲದಲ್ಲೇ ಹೋಗಬೇಕು, ನಾನು ಹೋಗಿದ್ದು ಮಾರ್ಚ್‌ನಲ್ಲಿ. ಮೇಲೆ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚುವಷ್ಟರಲ್ಲಿ ಕೋತಿಗಳು ಬಂದವು. ಡಬ್ಬಿ ಉಳಿಸಿಕೊಂಡೆ, ಪ್ಯಾಚು, ಟೈರು ಬಿಚ್ಚುವ ಲಿವರ್ ಎಲ್ಲ ಇದ್ದ ಚೀಲ ಹೋಯಿತು. ಒಂದು ಕೋತಿ ಸೊಲ್ಯೂಷನ್ ಟ್ಯೂಬ್ ಕಚ್ಚಿ ನೋಡಿ ಬಿಸಾಡಿತು, ಬಂಡೆಯ ಆಚೆ. ಆಗ ಎದೆ ಢವಢವ ಅಂದಿದ್ದು ನಿಜ. ಸಾಮಾನಿಲ್ಲದೆ ಮನೆಗೆ ಹದಿನೈದು ಕಿಲೋಮೀಟರ್ ಹತ್ತಿರ ವಾಪಸ್ ಬರಬೇಕು, ನಡುವೆ ಜಾಲಿ ಪೊದೆ ಇರುವ ಮಣ್ಣು ದಾರಿಗೂ ಇಳಿದಿದ್ದೆ. ಮನೆಗೆ ಬಂದು ಎಣಿಸಿದರೆ ಹಿಂದಿನ ಟೈರಿನಲ್ಲಿ ಮುರಿದ ಮುಳ್ಳು ಹನ್ನೊಂದೋ ಹನ್ನೆರಡೋ. ಇಕ್ಕಳದಲ್ಲಿ ಕಿತ್ತು ಬಾಟಲಿ ಮುಚ್ಚಳದಲ್ಲಿ ಹಾಕಿಕೊಂಡು ಭಾಯ್‌ಗೆ ತೋರಿಸಲು ಹೋದೆ. ಅವರು ಟೈರು ಒತ್ತಿ ನೋಡಿ, ಏನೂ ಅನ್ನದೆ ಚಹಾ ಹೇಳಿದರು.

ತೊಂದರೆ ಇಲ್ಲ ಅಂತಲ್ಲ. ತಕ್ಕಡಿಯಲ್ಲಿ ತೂಗಿದ್ದೆ, ಪಟ್ಟಿ, ಹಾಸು ಸೇರಿ 300 ಗ್ರಾಂ ಮೇಲಿದೆ. ಹೊರಡುವಾಗ ಚಕ್ರ ಸೋಮಾರಿ, ಆಫೀಸಿಗೆ ಮೂರು ನಾಲ್ಕು ನಿಮಿಷ ಜಾಸ್ತಿ ಹಿಡಿಯುತ್ತದೆ. ಟೈರು ಬಿಚ್ಚುವುದು ಪೂರ್ತಿ ರಗಳೆ. ಗಾಳಿ ಕಮ್ಮಿ ಬಿಟ್ಟರೆ ಪಟ್ಟಿ ಒಳಗೆ ಆಡಲು ಶುರು ಮಾಡುತ್ತದೆ, ಹಾಗಾಗಿ ಮೂರು ದಿನಕ್ಕೊಮ್ಮೆ ಪಂಪು ತಪ್ಪಿಸುವಂತಿಲ್ಲ. ದುಡ್ಡಿನ ಲೆಕ್ಕಕ್ಕೆ ಬಂದರೆ ಈ ಪಟ್ಟಿಗೆ ಆಗಿದ್ದು ಟೈರು 20, ಉಪ್ಪು ಕಾಗದ 30, ಪೌಡರ್ ಮನೆಯದ್ದು. ಅದಕ್ಕೆ ಮುಂಚೆ ದ್ರವ, ಪ್ಲಾಸ್ಟಿಕ್, ಹಾಳಾದ ಟ್ಯೂಬು ಅಂತ ಸಾವಿರದೈನೂರು ಹೋಗಿದೆ, ಕಟ್ಟಾದ ಸಂಬಳ ಸೇರಿಸಿಲ್ಲ. ಈಗ ತಿಂಗಳಿಗೆ 800, 900 ನಿಜವಾಗಿ ಉಳಿಯುತ್ತಿದೆ.

ಆ ಎರಡು ಪಂಕ್ಚರ್ ಅಂದೆನಲ್ಲ. ಒಂದು ಲಾಳದ ಮೊಳೆ, ಮತ್ತದೇ ಜಾತ್ರೆ, ಟೈರು, ಪಟ್ಟಿ, ಹಾಸು ಎಲ್ಲ ದಾಟಿ ರಿಮ್ಮಿಗೇ ತಾಗಿತ್ತು. ಇನ್ನೊಂದು ದಿನ ಬೆಳಿಗ್ಗೆ ಗಾಳಿ ಪೂರ್ತಿ ಇಳಿದಿತ್ತು. ಅಷ್ಟು ಕಷ್ಟಪಟ್ಟು ಕೂರಿಸಿದ್ದನ್ನೆಲ್ಲ ಬಿಚ್ಚಿ, ಟ್ಯೂಬನ್ನು ಬಕೆಟ್ಟಿನಲ್ಲಿ ಮುಳುಗಿಸಿ ಅರ್ಧ ಗಂಟೆ ಹುಡುಕಿದೆ. ಗುಳ್ಳೆಯೇ ಇಲ್ಲ. ಕೊನೆಗೆ ನೋಡಿದರೆ ವಾಲಿನ ರಬ್ಬರ್ ಸೀಳಿತ್ತು. ಎರಡು ರೂಪಾಯಿ ಸಾಮಾನು. ಅದನ್ನೇ ಮೊದಲು ನೋಡಬೇಕಿತ್ತು. ಈ ಕಥೆ ಭಾಯ್‌ಗೆ ಈ ತನಕ ಹೇಳಿಲ್ಲ.