ಸ್ಕಿಪ್ಪಿಂಗ್ ಹಗ್ಗ, ಪೇಂಟ್ ಬಕೆಟ್ ಮತ್ತು ನನ್ನ ಬಲ ಮಂಡಿ

ನೋವು ಎಲ್ಲಿ ಅಂತ ಕೇಳಿದವರಿಗೆಲ್ಲ ಒಂದೇ ಬೆರಳಲ್ಲಿ ತೋರಿಸುತ್ತಿದ್ದೆ. ಬಲಗಾಲಿನ ಮಂಡಿಚಿಪ್ಪಿನ ಕೆಳತುದಿ, ಒಂದು ರೂಪಾಯಿ ನಾಣ್ಯದಷ್ಟು ಜಾಗ. ಅಲ್ಲಿ ಒತ್ತಿದರೆ ಜೀವ ಹೋಗುತ್ತಿತ್ತು, ಅರ್ಧ ಇಂಚು ಆಚೆ ಒತ್ತಿದರೆ ಏನೂ ಇಲ್ಲ. ಬಾವು ಇರಲಿಲ್ಲ, ಮಂಡಿ ಮಡಚಿದಲ್ಲೇ ಸಿಕ್ಕಿಹಾಕಿಕೊಳ್ಳುತ್ತಿರಲಿಲ್ಲ, ನಡೆಯುವಾಗ ಕುಸಿಯುತ್ತಲೂ ಇರಲಿಲ್ಲ. ಈ ಮೂರರಲ್ಲಿ ಒಂದಾದರೂ ನಿಮಗಿದ್ದರೆ ನನ್ನ ಕಥೆ ಓದುತ್ತ ಕೂರಬೇಡಿ, ಮೊದಲು ಡಾಕ್ಟರರಿಗೆ ತೋರಿಸಿ.

ಶುರುವಾದದ್ದು 2024ರ ಜೂನ್‌ನಲ್ಲಿ. ನಾನು ಕಾರವಾರದ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ, ಸಂಜೆ ಏಳೆಂಟು ಹುಡುಗರ ಜೊತೆ ಬಾಕ್ಸಿಂಗ್ ಅಭ್ಯಾಸ. ಮೇ ಕೊನೆಯವರೆಗೆ ನಮ್ಮ ಓಟವೆಲ್ಲ ಟ್ಯಾಗೋರ್ ಕಡಲತೀರದಲ್ಲಿ. ಚಪಲ್ ಯುದ್ಧನೌಕೆ ನಿಲ್ಲಿಸಿದ್ದಾರಲ್ಲ, ಅಲ್ಲಿಂದ ಶುರುಮಾಡಿ ಒದ್ದೆ ಮರಳಿನ ಮೇಲೆ ಹೋಗಿ ಬರುವುದು. ಮಳೆ ಹಿಡಿದ ಮೇಲೆ ಕಡಲ ಬದಿಗೆ ಹೋಗುವ ಮಾತೇ ಇಲ್ಲ. ತಗಡಿನ ಮಾಡಿನ ಕೆಳಗೆ, ಸಿಮೆಂಟು ನೆಲದ ಮೇಲೆ ಎಲ್ಲ ಅಭ್ಯಾಸ. ಓಟ ತಪ್ಪಿತಲ್ಲ ಎಂದು ಸ್ಕಿಪ್ಪಿಂಗ್ ಹೆಚ್ಚಿಸಿದೆ. ಮೂರು ನಿಮಿಷದ ನಾಲ್ಕು ಸುತ್ತು ಇದ್ದದ್ದು ಒಂದೇ ವಾರದಲ್ಲಿ ಹತ್ತಾಯಿತು. ಮೂವತ್ನಾಲ್ಕು ವರ್ಷದ ಮಂಡಿಯನ್ನು ಒಂದು ಮಾತು ಕೇಳಲೂ ಇಲ್ಲ.

ಮೊದಲ ಹದಿನೈದು ದಿನ ಅದೊಂದು ಮೋಸದ ನೋವು. ಶುರುವಿಗೆ ಚುಚ್ಚುತ್ತದೆ, ಮೈ ಬೆಚ್ಚಗಾದ ಮೇಲೆ ಮಾಯ, ಮರುದಿನ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ಬಡ್ಡಿ ಸಮೇತ ವಾಪಸ್. ಜುಲೈ ಬರುವಷ್ಟರಲ್ಲಿ ಅಂಗಡಿಯ ಕೆಳಗಿನ ಕಪಾಟಿನಿಂದ ಪೈಪಿನ ಜಾಯಿಂಟು ತೆಗೆಯಲು ಕುಕ್ಕರುಗಾಲಲ್ಲಿ ಕೂತರೆ ಏಳಲು ಕೌಂಟರು ಹಿಡಿಯಬೇಕಿತ್ತು. ಒಬ್ಬ ಡಾಕ್ಟರರು ಎಕ್ಸ್‌ರೇ ನೋಡಿ ಮೂಳೆ ಚೆನ್ನಾಗಿದೆ ಎಂದರು, ಮಾತ್ರೆ ಬರೆದರು, ಮೂರು ವಾರ ರೆಸ್ಟ್ ಎಂದರು. ಮನೆಯಲ್ಲಿ ಆಯಿ ದಿನಾ ರಾತ್ರಿ ಮುರುಗಲು ತುಪ್ಪ ಬಿಸಿ ಮಾಡಿ ತಿಕ್ಕುತ್ತಿದ್ದಳು. ತಿಕ್ಕುವಾಗೆಲ್ಲ ಒಂದೇ ಮಾತು: "ಆ ಹೊಡೆದಾಟ ಒಂದು ಬಿಡು ಮಾರಾಯ, ಕಾಲು ತನ್ನಷ್ಟಕ್ಕೆ ಸಮ ಆಗ್ತದೆ."

ರೆಸ್ಟ್ ಅಚ್ಚುಕಟ್ಟಾಗಿ ಮಾಡಿದೆ. ನೋವು ಪೂರ್ತಿ ಹೋಯಿತು. ಇಪ್ಪತ್ತೆರಡನೇ ದಿನ ಹಗ್ಗ ಹಿಡಿದೆ. ಎರಡನೇ ಸುತ್ತಿಗೆ ಅದೇ ಜಾಗ, ಅದೇ ನೋವು.

ಅದೇ ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೆ ಸೇತುವೆ ಕುಸಿದು ಬಿತ್ತು. ಊರಿಗೆಲ್ಲ ಅದೇ ಸುದ್ದಿ. ಗೆಳೆಯರಿಗೆ ಮಾತ್ರ ನನ್ನ ಮಂಡಿ ತಮಾಷೆಯ ವಸ್ತು: "ಹಳೆ ಬ್ರಿಜ್ಜು ಹ್ಯಾಗಿದ್ಯೋ?"

ಕೊನೆಗೆ ಒಬ್ಬ ಫಿಸಿಯೋಥೆರಪಿಸ್ಟ್ ಮೇಡಂ ಹತ್ತಿರ ಹೋದೆ. ಅವರು ಮಂಡಿಯನ್ನು ಮುಟ್ಟುವ ಮೊದಲು ಎರಡು ಕೆಲಸ ಹೇಳಿದರು. ಒಂದು, ಮೆಟ್ಟಿಲಂಚಿನಲ್ಲಿ ಒಂಟಿಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು. ಎಡಗಾಲಲ್ಲಿ 24 ಸಲ ಎತ್ತಿದೆ, ಬಲಗಾಲಲ್ಲಿ 11ಕ್ಕೆ ಮೀನಖಂಡ ಹಿಡಿದುಕೊಂಡಿತು. ಇನ್ನೊಂದು, ಒಂಟಿಕಾಲಲ್ಲಿ ಅರ್ಧ ಬಸ್ಕಿ. ಕನ್ನಡಿಯಲ್ಲಿ ನೋಡಿದರೆ ಬಲ ಮಂಡಿ ಸೀದಾ ಬಗ್ಗದೆ ಒಳಗಡೆಗೆ ವಾಲುತ್ತಿದೆ. ಹನ್ನೆರಡು ವರ್ಷ ಬಾಕ್ಸಿಂಗ್ ಮಾಡಿದವನ ಕಾಲು ಇದು! ನಾಚಿಕೆಯಾಯಿತು.

"ನಿಮ್ಮ ಮಂಡಿಚಿಪ್ಪಿನಿಂದ ಕಣಕಾಲಿನ ಮೂಳೆಗೆ ಹೋಗುವ ಸ್ನಾಯುರಜ್ಜು ಇದೆಯಲ್ಲ, ಕುಣಿದಾಗಲೆಲ್ಲ ಸ್ಪ್ರಿಂಗಿನ ಹಾಗೆ ಭಾರ ಹೊರುವುದು ಅದು. ಅದರ ತಾಕತ್ತಿಗೆ ಮೀರಿ ಕೆಲಸ ಕೊಟ್ಟಿದ್ದೀರಿ. ರೆಸ್ಟ್ ಮಾಡಿದಾಗ ನೋವು ಇಳಿಯಿತು, ಜೊತೆಗೆ ಇದ್ದ ತಾಕತ್ತೂ ಇಳಿಯಿತು," ಎಂದರು. ಅಂದರೆ ಮೂರು ವಾರ ಮಲಗಿ ಎದ್ದು ಹಗ್ಗ ಹಿಡಿದಾಗ ನನ್ನ ಕಾಲು ಜೂನ್‌ಗಿಂತಲೂ ಸೊರಗಿತ್ತು.

ಅವರು ಕೊಟ್ಟ ಮೊದಲ ವ್ಯಾಯಾಮದಲ್ಲಿ ಅಲುಗಾಟವೇ ಇಲ್ಲ. ಲಾರಿಯ ಲೋಡು ಕಟ್ಟುವ ಅಗಲ ಪಟ್ಟಿ ನಮ್ಮ ಅಂಗಡಿಯಲ್ಲೇ ಸಿಗುತ್ತದೆ. ಅದನ್ನು ಕಂಬಕ್ಕೆ ಸುತ್ತಿ ಉಂಗುರ ಮಾಡಿ, ಎರಡೂ ಕಾಲನ್ನು ಅದರೊಳಗೆ ಹಾಕಿ ಕಂಬಕ್ಕೆ ಮುಖ ಮಾಡಿ ನಿಲ್ಲಬೇಕು. ಪಟ್ಟಿ ಮಂಡಿಯ ಹಿಂದಿನ ಮಡಿಕೆಗಿಂತ ತುಸು ಕೆಳಗೆ ಬಿಗಿಯಾಗುವಷ್ಟು ಹಿಂದೆ ಸರಿದು, ಕುರ್ಚಿಯಲ್ಲಿ ಕೂರುವವರ ಹಾಗೆ ಹಿಂದಕ್ಕೆ ಕೂರಬೇಕು. ಕಣಕಾಲು ನೆಟ್ಟಗೆ, ಬೆನ್ನು ನೆಟ್ಟಗೆ. ಹಾಗೇ 45 ಸೆಕೆಂಡು. ಎರಡು ನಿಮಿಷ ಬಿಟ್ಟು ಮತ್ತೆ. ಒಟ್ಟು ಐದು ಸಲ. ಮೊದಲ ದಿನ 30 ಸೆಕೆಂಡಿಗೇ ತೊಡೆ ಗಡಗಡ ನಡುಗಿತು, ಆದರೆ ಆ ನಾಣ್ಯದಷ್ಟು ಜಾಗ ಚುಚ್ಚಲಿಲ್ಲ. ಮುಗಿಸಿ ಮೆಟ್ಟಿಲು ಇಳಿದರೆ ನೋವು ಅರ್ಧಕ್ಕರ್ಧ ಕಡಿಮೆ. ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ, ನನಗಾಯಿತು.

ಚೌತಿ ಹಬ್ಬಕ್ಕೆ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಕೂತು ಉಂಡು ಏಳುವಾಗ ಇನ್ನೂ ಪಕ್ಕದವರ ಹೆಗಲು ಹಿಡಿದೆ. ಹಬ್ಬ ಮುಗಿದ ಮೇಲೆ ಭಾರದ ಕೆಲಸ ಶುರು. ಜಿಮ್ಮಿಗೆ ದುಡ್ಡು ಕೊಡುವ ಮನಸ್ಸಿರಲಿಲ್ಲ. 20 ಲೀಟರಿನ ಎರಡು ಖಾಲಿ ಪೇಂಟ್ ಬಕೆಟಿಗೆ ಅರ್ಧದವರೆಗೆ ಮರಳು ತುಂಬಿ ಅಂಗಡಿಯ ತಕ್ಕಡಿಯಲ್ಲಿ ತೂಗಿದೆ: ಒಂದೊಂದು 16 ಕಿಲೋ. ಒಂದು ಕಾಲು ಮುಂದೆ, ಇನ್ನೊಂದು ಹಿಂದೆ ಇಟ್ಟು, ಎರಡೂ ಕೈಯಲ್ಲಿ ಬಕೆಟ್ ಹಿಡಿದು ಬಸ್ಕಿ. ಇಳಿಯಲು ಮೂರು ಎಣಿಕೆ, ಏಳಲು ಮೂರು ಎಣಿಕೆ. ಈ ನಿಧಾನವೇ ಮದ್ದು. ಗರಡಿಯವರ ಹಾಗೆ ನೂರಿನ್ನೂರು ಬಸ್ಕಿ ಎಣಿಸುತ್ತ ಹೋಗಿದ್ದರೆ ಮತ್ತೆ ಜೂನ್‌ನ ಕಥೆಯೇ ಆಗುತ್ತಿತ್ತು. ಮೊದಲು ಒಂದು ಸರದಿಗೆ 15, ಭಾರ ಏರಿದ ಹಾಗೆ 12, 10, 8. ವಾರಕ್ಕೆ ಮೂರೇ ದಿನ. ಜನವರಿಗೆ ಎರಡೂ ಬಕೆಟ್ ತುಂಬಿತ್ತು. ಮಾಲೀಕರು ಮಾತ್ರ ಆ ಎರಡು ಬಕೆಟ್ ನನ್ನ ಲೆಕ್ಕಕ್ಕೆ ಬರೆದಿದ್ದೇನೆ ಅಂತ ಈಗಲೂ ಹೇಳುತ್ತಾರೆ.

ಇದರ ಜೊತೆಗೆ ಮೂರು ಸಣ್ಣ ಕೆಲಸ. ಮಂಡಿ ತುಸು ಬಗ್ಗಿಸಿಟ್ಟೇ ಹಿಮ್ಮಡಿ ಎತ್ತುವುದು, ಮಗ್ಗುಲಾಗಿ ಮಲಗಿ ಮೇಲಿನ ಕಾಲು ಎತ್ತುವುದು, ಚಿರೇಕಲ್ಲಿನ ಮೆಟ್ಟಿಲಿನಿಂದ ಒಂಟಿಕಾಲಲ್ಲಿ ನಿಧಾನ ಇಳಿಯುವುದು. ನೋಡುವವರಿಗೆ ನಗು ಬರುತ್ತದೆ. ಮಂಡಿ ಒಳಗೆ ವಾಲುವುದು ನಿಂತದ್ದು ಇವುಗಳಿಂದಲೇ.

ನೋವಿನ ಲೆಕ್ಕ ಇಡುವುದನ್ನು ಮೇಡಂ ಕಲಿಸಿದರು. ಸೊನ್ನೆಯಿಂದ ಹತ್ತರವರೆಗೆ ಅಂಕ. ವ್ಯಾಯಾಮ ಮಾಡುವಾಗ ಮೂರರವರೆಗೆ ಬಂದರೆ ಹೆದರಬೇಕಿಲ್ಲ. ತೀರ್ಮಾನ ಮರುದಿನ ಬೆಳಿಗ್ಗೆ: ಅದೇ ಮೆಟ್ಟಿಲು ಇಳಿದು ನೋಡಬೇಕು, ನೋವು ಹಿಂದಿನ ಬೆಳಿಗ್ಗೆಗಿಂತ ಜಾಸ್ತಿಯಿದ್ದರೆ ಭಾರ ಇಳಿಸಬೇಕು. ಕ್ಯಾಲೆಂಡರಿನ ಚೌಕದಲ್ಲಿ ದಿನವೂ ಒಂದು ಅಂಕೆ ಬರೆದೆ. ಹಾಲಿನ ಲೆಕ್ಕದ ಪಕ್ಕದಲ್ಲೇ ನನ್ನ ಮಂಡಿಯ ಲೆಕ್ಕ. ನವೆಂಬರಿನಲ್ಲಿ ಒಂದು ದಿನ ಹುಮ್ಮಸ್ಸಿಗೆ ಸದಾಶಿವಗಡದ ಗುಡ್ಡ ಹತ್ತಿದೆ. ಹತ್ತುವಾಗ ರಾಜ, ಇಳಿಯುವಾಗ ಭಿಕ್ಷುಕ. ಮರುದಿನದ ಚೌಕದಲ್ಲಿ 6. ಒಂದು ವಾರ ಹಿಂದೆ ಬಿದ್ದೆ.

ಇನ್ನು ನನ್ನ ಹೊಡೆತದ ದೋಷ. ಇದನ್ನು ಯಾರೂ ಹೇಳಲಿಲ್ಲ, ನಾನೇ ಕಂಡುಕೊಂಡದ್ದು. ನಾನು ಎಡಗಾಲು ಮುಂದಿಟ್ಟು ನಿಲ್ಲುವವನು. ಬಲಗೈ ನೇರ ಹೊಡೆತಕ್ಕೆ ಜೋರು ಬರುವುದು ಹಿಂದಿನ ಬಲಗಾಲಿನಿಂದ. ಪಾದದ ಮುಂಭಾಗದ ಮೇಲೆ ಕಾಲು ತಿರುಗಬೇಕು, ಹಿಮ್ಮಡಿ ಎದ್ದು ಹೊರಗೆ ಹೋಗಬೇಕು, ಅದರ ಹಿಂದೆ ಸೊಂಟ, ಆಮೇಲೆ ಹೆಗಲು, ಕೊನೆಗೆ ಮುಷ್ಟಿ. ಡಿಸೆಂಬರಿನಲ್ಲಿ ಚೀಲಕ್ಕೆ ಮೆಲ್ಲಗೆ ಹೊಡೆಯಲು ಶುರುಮಾಡಿದಾಗ ಒಬ್ಬ ಹುಡುಗನಿಗೆ ಮೊಬೈಲಲ್ಲಿ ನನ್ನ ಕಾಲನ್ನಷ್ಟೇ ತೆಗೆಯಲು ಹೇಳಿದೆ. ನೋಡಿದರೆ ಸೊಂಟ ತಿರುಗುತ್ತಿದೆ, ಪಾದ ನೆಲಕ್ಕೆ ಅಂಟಿಕೊಂಡೇ ಇದೆ. ನಡುವೆ ಸಿಕ್ಕ ಮಂಡಿ ಹಿಂಡಿದ ಬಟ್ಟೆಯ ಹಾಗೆ ತಿರುಚುತ್ತಿದೆ. ನನ್ನದು ಓಟದ ಶೂ, ಅಡಿಯ ರಬ್ಬರು ಸಿಮೆಂಟನ್ನು ಬಿಡುತ್ತಲೇ ಇರಲಿಲ್ಲ.

ಒಂದು ಹಿಡಿ ಮರಳು ತಂದು ನೆಲಕ್ಕೆ ತೆಳ್ಳಗೆ ಉದುರಿಸಿದೆ. ಅಡಿ ಚಪ್ಪಟೆಯಿರುವ ಹಳೆ ಕ್ಯಾನ್ವಾಸ್ ಶೂ ಹಾಕಿದೆ. ಗಾಳಿಗೆ ಒಂದು ಹೊಡೆತ, ಆಮೇಲೆ ಕಾಲೆತ್ತಿ ಗುರುತು ನೋಡುವುದು. ಪಾದ ಸರಿಯಾಗಿ ತಿರುಗಿದ್ದರೆ ಮರಳಲ್ಲಿ ಚೌತಿಯ ಚಂದ್ರನ ಹಾಗೆ ಬಾಗಿದ ಗೆರೆ, ಇಲ್ಲದಿದ್ದರೆ ಬರೀ ಶೂವಿನ ಅಚ್ಚು. ಮೊದಲ ದಿನ ಇಪ್ಪತ್ತರಲ್ಲಿ ನಾಲ್ಕು ಚಂದ್ರ. ಒಂದು ತಿಂಗಳು ಜೋರಿನ ಆಸೆ ಬಿಟ್ಟು ಚಂದ್ರ ಎಣಿಸಿದೆ. ಆಮೇಲೆ ಚೀಲಕ್ಕೆ ಹೊಡೆದಾಗ ಸದ್ದೇ ಬೇರೆ.

ಸ್ಕಿಪ್ಪಿಂಗನ್ನು ತಡವಾಗಿಯೇ ತಂದೆ. ಜನವರಿ ಅರ್ಧದಲ್ಲಿ, ರಬ್ಬರ್ ಮ್ಯಾಟಿನ ಮೇಲೆ, 30 ಸೆಕೆಂಡಿನ ನಾಲ್ಕು ಸಲ. ಕುಣಿದ ಮೇಲೆ ಎರಡು ದಿನ ಬಿಡುವು. ಮೂರು ನಿಮಿಷದ ಪೂರ್ತಿ ಸುತ್ತಿಗೆ ಬರಲು ಎಂಟು ವಾರ ಹಿಡಿಯಿತು. ಮರಳಿನ ಓಟ ಫೆಬ್ರವರಿಯಲ್ಲಿ ಸುಲಭವಾಗಿಯೇ ಬಂತು. ಇಳಿತದ ಹೊತ್ತಿನ ಗಟ್ಟಿ ಮರಳಲ್ಲಿ ಮಾತ್ರ ಓಡುತ್ತಿದ್ದೆ. ತೀರ ಕಡಲಿನ ಕಡೆಗೆ ಇಳಿಜಾರು ಇರುವುದರಿಂದ ಹೋದಷ್ಟೇ ದೂರ ವಾಪಸ್ ಬರಬೇಕು, ಇಲ್ಲದಿದ್ದರೆ ಒಂದೇ ಕಾಲಿಗೆ ಹೊರೆ.

2025ರ ಏಪ್ರಿಲ್‌ನಲ್ಲಿ ಮೂರು ನಿಮಿಷದ ಮೂರು ಸುತ್ತು ಸ್ಪಾರಿಂಗ್, ಅಂದರೆ ಎದುರಾಳಿಯ ಜೊತೆ ಅಭ್ಯಾಸದ ಕಾದಾಟ, ಮಾಡಿದೆ, ನಡುವೆ ಒಂದೊಂದು ನಿಮಿಷ ಬಿಡುವು. ಮೂಗಿಗೆ ಚೆನ್ನಾಗಿ ಬಿತ್ತು. ಮಂಡಿಗೆ ಏನೂ ಆಗಲಿಲ್ಲ. ಮರುದಿನದ ಚೌಕದಲ್ಲಿ 1. ಆಯಿಗೆ ಹೇಳಿದರೆ ಮೂಗು ನೋಡಿ ಮುರುಗಲು ತುಪ್ಪದ ಡಬ್ಬಿ ತಂದಳು.

ಬಕೆಟಿನ ಬಸ್ಕಿ ಈಗಲೂ ವಾರಕ್ಕೆ ಎರಡು ದಿನ ಇದೆ. ಆ ವರ್ಷ ಮಳೆ ಹಿಡಿದು ಮತ್ತೆ ತಗಡಿನ ಮಾಡಿನ ಕೆಳಗೆ ಬಂದಾಗ ಮೊದಲ ವಾರ ಎರಡೇ ಸುತ್ತು ಸ್ಕಿಪ್ಪಿಂಗ್ ಅಂತ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಹುಡುಗರು ಗೊಣಗಿದರು. ಒಬ್ಬ ನಾನಿಲ್ಲದಾಗ ಎರಡರ ಮುಂದೆ ಒಂದು ಸೊನ್ನೆ ಬರೆದಿಟ್ಟಿದ್ದ. ಒರೆಸಿದೆ.